ಧಾರವಾಡಕ್ಕೆ ಹೊಸದಾಗಿ ಬಂದವರಿಗೆ

ಜೂನ್ ತಿಂಗಳು ಬಂತೆಂದರೆ ನಮ್ಮ ಊರಿನ ಬೀದಿಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ವರ್ಗವಾಗಿ ಬಂದ ನೌಕರರು, ವಿಶ್ವವಿದ್ಯಾಲಯಕ್ಕೂ ಕಾಲೇಜುಗಳಿಗೂ ಸೇರಲು ಬಂದ ತರುಣ ತರುಣಿಯರು, ೨೦೦೮ರಲ್ಲಿ ಉಚ್ಚ ನ್ಯಾಯಾಲಯದ ಪೀಠ ಇಲ್ಲಿ ಆರಂಭವಾದ ಮೇಲೆ ಬಂದು ನೆಲೆಸಿದ ವಕೀಲರು, ೨೦೧೬ರಲ್ಲಿ ಐಐಟಿ ತೆರೆದ ಬಳಿಕ ದೂರದ ರಾಜ್ಯಗಳಿಂದ ಬರತೊಡಗಿದವರು. ಇವರಲ್ಲಿ ಕೆಲವರು ನನ್ನಲ್ಲಿಗೂ ಬರುತ್ತಾರೆ. ಯಾವ ಬಡಾವಣೆ ಒಳ್ಳೆಯದು, ಬಾಡಿಗೆ ಎಷ್ಟು, ನೀರಿನ ಅನುಕೂಲ ಹೇಗೆ ಎಂದು ಕೇಳುತ್ತಾರೆ. ಬಾಡಿಗೆಯ ವಿಷಯವನ್ನು ನನ್ನಂಥವನಲ್ಲಿ ಕೇಳಿ ಪ್ರಯೋಜನವಿಲ್ಲ. ಆದರೆ ನಾನೂ ಒಮ್ಮೆ ಹೊಸಬನಾಗಿ ಇಲ್ಲಿ ಬಂದಿಳಿದವನು. ೧೯೮೪ರ ಜೂನ್‌ನಲ್ಲಿ, ಮಂಡ್ಯದ ಸೀಮೆಯಿಂದ, ಒಂದು ಟ್ರಂಕು ಬಟ್ಟೆ, ಎರಡು ಟ್ರಂಕು ಪುಸ್ತಕಗಳೊಂದಿಗೆ ಬಂದವನು. ಆ ಅನುಭವದಿಂದ ಒಂದೆರಡು ಮಾತು ಹೇಳಬಹುದೆಂದು ತೋರುತ್ತದೆ.

ಮೊದಲು ಮನೆಯ ಮಾತು. ಧಾರವಾಡವು ಮಲೆನಾಡಿನ ಸೆರಗಿನಲ್ಲಿರುವ ಊರು. ಪಶ್ಚಿಮಕ್ಕೆ ನಡೆದರೆ ಕೆಂಪು ಮಣ್ಣು, ಹಸಿರು. ಪೂರ್ವಕ್ಕೆ ಹೊರಟರೆ ಎರೆಭೂಮಿ. ಮುಂಗಾರು ಇಲ್ಲಿ ಆರ್ಭಟಿಸಿ ಹೋಗುವ ಮಳೆಯಲ್ಲ; ಬೇಡವೆಂದರೂ ಹೋಗದ ಅತಿಥಿಯಂತೆ ದಿನಗಟ್ಟಲೆ ಜಿಟಿಜಿಟಿಯೆಂದು ಕುಳಿತಿರುತ್ತದೆ. ಆದ್ದರಿಂದ ಬೇಸಗೆಯಲ್ಲಿ ಮನೆ ನೋಡುವವರು ಕಿಟಕಿಗಳನ್ನು ಎಣಿಸುವುದಕ್ಕೆ ಮುನ್ನ ಪಡುವಣ ಗೋಡೆಯನ್ನು ಕೈಯಿಟ್ಟು ನೋಡಬೇಕು. ಮಳೆಗಾಳಿ ಬಡಿಯುವುದು ಅದಕ್ಕೇ. ನಾನು ಹಾಗೆ ನೋಡಲಿಲ್ಲ. ಆ ವರ್ಷ ಜುಲೈ ತಿಂಗಳಲ್ಲಿ ಒಂದು ಟ್ರಂಕಿನ ಪುಸ್ತಕಗಳಿಗೆ ಬೂಸಲು ಹಿಡಿಯಿತು. ಇನ್ನು ನೀರು. ಆಗೆಲ್ಲ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಹಲವು ದಿನಗಳಿಗೊಮ್ಮೆ. ೨೦೦೮ರಲ್ಲಿ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ತನಾಲ್ಕು ತಾಸೂ ನೀರು ಕೊಡುವ ಏರ್ಪಾಡು ಆದುದುಂಟು. ಹೇಗಿದ್ದರೂ ನೀರಿನ ಸಂಗತಿಯನ್ನು ಮನೆಯ ಯಜಮಾನರಲ್ಲಿ ಕೇಳಬಾರದು, ಪಕ್ಕದ ಮನೆಯವರಲ್ಲಿ ಕೇಳಬೇಕು. ಯಜಮಾನರು ಸುಳ್ಳು ಹೇಳುವವರೆಂದಲ್ಲ, ಅವರು ಆಶಾವಾದಿಗಳು.

ಊಟದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಂದಿನ ಹೊಸಬರೂ ಮಾಡುತ್ತಾರೆ. ನಾನು ಮೊದಲ ತಿಂಗಳೆಲ್ಲ ರಾಗಿ ಮುದ್ದೆ ಎಲ್ಲಿ ಸಿಕ್ಕೀತೆಂದು ಹುಡುಕುತ್ತ ತಿರುಗಿದೆ. ಖಾನಾವಳಿಯ ಮಣೆಯ ಮೇಲೆ ಕುಳಿತು, ಬಿಸಿ ಜೋಳದ ರೊಟ್ಟಿಗೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹಚ್ಚಿಕೊಂಡು ಉಂಡ ಮೇಲೆ ಹುಡುಕಾಟ ನಿಂತಿತು. ಹೊಸಬರಿಗೆ ಧೈರ್ಯ ಬರಲೆಂದು ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳುತ್ತೇನೆ. ಯಾವ ಪೇಡೆಯಿಂದ ಈ ಊರಿನ ಹೆಸರು ನಾಡಿನ ತುಂಬ ಹಬ್ಬಿತೋ, ಅದನ್ನು ಮಾಡಿದವರು ಈ ಮಣ್ಣಿನವರಲ್ಲ. ಪ್ಲೇಗಿನ ಕಾಲದಲ್ಲಿ ಉತ್ತರದ ಉನ್ನಾವ್ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಠಾಕೂರ್ ಮನೆತನದವರು.

ಆದರೆ ಮನೆ, ನೀರು, ಊಟ ಇವೆಲ್ಲ ಕೆಲವು ತಿಂಗಳಲ್ಲಿ ತಾವಾಗಿಯೇ ಒಗ್ಗಿ ಬರುವಂಥವು. ಕಷ್ಟವಿರುವುದು ಮಾತಿನಲ್ಲಿ. ಬೇರೆ ಭಾಷೆಯವರಿಗೆ ಈ ಕಷ್ಟ ಕಡಮೆ. ತಮಗೆ ತಿಳಿಯದೆಂಬುದಾದರೂ ಅವರಿಗೆ ತಿಳಿದಿರುತ್ತದೆ. ಕನ್ನಡ ಎಂ.ಎ. ಮಾಡಿ ಬಂದ ನನಗೆ ಅಷ್ಟೂ ತಿಳಿದಿರಲಿಲ್ಲ. ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಸೀಮೆ ಇದು; ಬರೋಬ್ಬರಿ, ದವಾಖಾನಿ ಮುಂತಾದ ಮಾತುಗಳನ್ನು ಕೇಳಿ, ಇಲ್ಲಿಯ ಕನ್ನಡ ಕಲಬೆರಕೆಯದೆಂದೂ ನನ್ನದು ಶುದ್ಧವೆಂದೂ ಭಾವಿಸಿದ್ದೆ. ತರಕಾರಿ ಮಾರುವ ಹೆಂಗಸು ‘ಒಯ್ರಿ’ ಎಂದಾಗ ಮಾತ್ರ ಒಂದು ಕ್ಷಣ ಬೆರಗಾಗಿತ್ತು. ‘ಒಯ್ಯು’ ಎಂಬುದನ್ನು ಅದುವರೆಗೆ ನಾನು ಬಲ್ಲದ್ದು ಹೆಚ್ಚಾಗಿ ಪುಸ್ತಕದಲ್ಲಿ. ಆ ಬೆರಗು ನನಗೆ ಪಾಠವಾಗಬೇಕಿತ್ತು, ಆಗಲಿಲ್ಲ.

ಬಿ.ಎ. ತರಗತಿಯಲ್ಲಿ ಕರ್ಣನನ್ನು ಕುರಿತು ಪ್ರಬಂಧ ಬರೆಸಿದ್ದೆ. ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗ ಚೆನ್ನಾಗಿಯೇ ಬರೆದಿದ್ದ. ಅದರಲ್ಲಿ ‘ಕರ್ಣನನ್ನು ಹಡೆದ ಕುಂತಿ’ ಎಂದಿತ್ತು. ನಾನು ‘ಹಡೆದ’ ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ ‘ಹೆತ್ತ’ ಎಂದು ತಿದ್ದಿದೆ. ತಿದ್ದಿದ್ದು ಸಾಲದೆಂದು, ಇದು ಗ್ರಾಮ್ಯ, ಬರವಣಿಗೆಯಲ್ಲಿ ಸಲ್ಲದು ಎಂದು ತರಗತಿಯ ಎದುರಿಗೇ ಹೇಳಿದೆ. ಯಾರೋ ನಕ್ಕರು. ಹುಡುಗ ತಲೆ ತಗ್ಗಿಸಿ ಕುಳಿತ.

ಸಂಜೆ ಅಧ್ಯಾಪಕರ ಕೊಠಡಿಯಲ್ಲಿ ಇದನ್ನು ತಮಾಷೆಯ ಪ್ರಸಂಗವೆಂಬಂತೆ ವರ್ಣಿಸಿದೆ. ಇದೇ ಸೀಮೆಯ ಹಿರಿಯ ಸಹೋದ್ಯೋಗಿಯೊಬ್ಬರು ಚಹದ ಕಪ್ಪನ್ನು ಕೆಳಗಿಟ್ಟು, ‘ಪಕಾರ ಹಕಾರ ಆಗತದ ಅಂತ ನೀವ ಪಾಠಾ ಹೇಳತೀರಿ. ಪಾಲು ಹಾಲಾತು, ಪೂ ಹೂ ಆತು. ಪಡೆ ಅನ್ನೂದು ಹಡೆ ಆಗಬಾರದೇನ್ರಿ?’ ಎಂದರು. ಅಷ್ಟೇ. ಮತ್ತೆ ಚಹ ಕುಡಿಯತೊಡಗಿದರು.

ಅಂದು ರಾತ್ರಿ ಕಿಟೆಲ್ ಕೋಶವನ್ನು ತೆರೆದು ನೋಡಿದೆ. ನೋಡುವ ಅಗತ್ಯವೇನೂ ಇರಲಿಲ್ಲ. ಹಳಗನ್ನಡದ ‘ಪಡೆ’ಗೆ ಹೊಂದು ಎಂಬ ಅರ್ಥದೊಂದಿಗೆ ಮಗುವನ್ನು ಪಡೆ ಎಂಬ ಅರ್ಥವೂ ಉಂಟೆಂದು ನನಗೆ ಗೊತ್ತಿತ್ತು, ಗರತಿಯ ಹಾಡುಗಳಲ್ಲಿ ಹಡೆದವ್ವನನ್ನು ನೆನೆಯದ ಪುಟಗಳು ವಿರಳವೆಂಬುದೂ ಗೊತ್ತಿತ್ತು. ಪುಸ್ತಕದಲ್ಲಿ ಕಂಡರೆ ಗೌರವ, ಹುಡುಗನ ಬಾಯಲ್ಲಿ ಕೇಳಿದರೆ ಕೆಂಪು ಶಾಯಿ, ಹೀಗಿತ್ತು ನನ್ನ ಪಾಂಡಿತ್ಯ. ಮರುದಿನ ತರಗತಿಯಲ್ಲಿ ತಪ್ಪು ನನ್ನದೆಂದು ಹೇಳಿದೆ. ಹುಡುಗ ಎದ್ದು ನಿಂತು, ‘ಇರಲಿ ಬಿಡ್ರಿ ಸರ್’ ಎಂದ. ಆದರೆ ಅದುವರೆಗೆ ತಾನಾಗಿಯೇ ಎದ್ದು ಓದುತ್ತಿದ್ದ ಅವನು ಆ ವರ್ಷ ಮತ್ತೆ ಓದಲು ಏಳಲಿಲ್ಲ. ಈಗ ಎಲ್ಲಿದ್ದಾನೋ ಅರಿಯೆ.

ಹೊಸದಾಗಿ ಬಂದವರಿಗೆ ನಾನು ಈಗ ಹೇಳುವುದಿಷ್ಟು: ಮೊದಲ ವರ್ಷ ಕಿವಿಯನ್ನು ದುಡಿಸಿ, ನಾಲಗೆಗೆ ರಜೆ ಕೊಡಿ. ೧೮೯೦ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದ ಸಭಾಂಗಣದಲ್ಲಿ ಸಂಜೆಯ ಹೊತ್ತು ಆಗಾಗ ಕಾರ್ಯಕ್ರಮಗಳಿರುತ್ತವೆ. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ವೇದಿಕೆಯ ಮೇಲಿನ ಭಾಷಣಕ್ಕಿಂತ ಭಾಷಣ ಮುಗಿದ ಬಳಿಕ ಮೆಟ್ಟಿಲ ಮೇಲೆ ನಡೆಯುವ ಚರ್ಚೆ ಹಲವು ಸಲ ಚೆನ್ನಾಗಿರುತ್ತದೆ. ೨೦೧೮ರಲ್ಲಿ ಹುಬ್ಬಳ್ಳಿ ಧಾರವಾಡಗಳ ನಡುವೆ ಪ್ರತ್ಯೇಕ ದಾರಿಯಲ್ಲಿ ಹೊಸ ಬಸ್ಸುಗಳನ್ನು ಓಡಿಸತೊಡಗಿದಾಗ ಅವುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟರು. ಜಿಂಕೆಯೆನ್ನದೆ, ಹರಿಣವೆನ್ನದೆ, ಊರಿನ ಮಾತನ್ನೇ ಬಸ್ಸಿನ ಮೇಲೆ ಬರೆಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ನನ್ನ ಮಗಳು ಹುಟ್ಟಿದ್ದು ಇದೇ ಊರಿನಲ್ಲಿ, ೧೯೮೬ರ ಮಳೆಗಾಲದಲ್ಲಿ. ನಮ್ಮವರೆನ್ನುವವರು ಯಾರೂ ಇನ್ನೂ ಬಂದು ತಲುಪಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಪಕ್ಕದ ಮನೆಯ ವೃದ್ಧೆ ಅಗ್ಗಿಷ್ಟಿಕೆ ಹಿಡಿದುಕೊಂಡು ಒಳಗೆ ಬಂದರು. ನನ್ನನ್ನು ನೋಡಿ, ‘ಹಡೆದಾಕಿನ್ನ ಇಂಥಾ ಹಸೀ ಗ್ವಾಡಿಗೆ ಹಚ್ಚಿ ಮಲಗಸತಾರೇನ್ರಿ?’ ಎಂದು ಗದರಿಸಿದರು. ನಾವಿಬ್ಬರೂ ಸೇರಿ ಮಂಚವನ್ನು ಪಡುವಣ ಗೋಡೆಯಿಂದ ಈಚೆಗೆ ಎಳೆದೆವು.