ಬ್ರೌಸರ್ ಬಳಕೆ: ಮೊದಲ ಪಾಠ

(ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊಬೈಲ್ ನಿಮಗೆ ಹೊಸದಲ್ಲ. ವಾಟ್ಸಾಪ್ ನೋಡುತ್ತೀರಿ, ಹಣ ಕಳಿಸುತ್ತೀರಿ. ಆದರೆ ವಾಟ್ಸಾಪಿನಲ್ಲಿ ಬರುವುದು ಬೇರೆ ಯಾರೋ ನಮಗೆ ಕಳಿಸಿದ್ದು. ನಮಗೆ ಬೇಕಾದುದನ್ನು ನಾವೇ ಹುಡುಕಿ ಓದಬೇಕಾದರೆ ಬ್ರೌಸರ್ ಬೇಕು. ಗಂಡ ಮನೆಯಿಂದ ಹೊರಗೆ ಹಾಕುತ್ತೇನೆಂದರೆ ಕಾನೂನು ಏನು ಹೇಳುತ್ತದೆ? ಇದನ್ನು ಇನ್ನೊಬ್ಬರ ಬಾಯಿಂದ ಕೇಳುವುದಕ್ಕೂ ನಾವೇ ಓದಿ ತಿಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಬ್ರೌಸರ್ ಎಂದರೆ ಜಾಲತಾಣಗಳನ್ನು ತೆರೆದು ತೋರಿಸುವ ಸಾಧನ. ಟಿಮ್ ಬರ್ನರ್ಸ್-ಲೀ ಎಂಬ ಬ್ರಿಟಿಷ್ ವಿಜ್ಞಾನಿ 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಮೊದಲ ಬ್ರೌಸರನ್ನು ರಚಿಸಿದರು. 1993ರಲ್ಲಿ ಆ ಸಂಸ್ಥೆ ಈ ತಂತ್ರಜ್ಞಾನವನ್ನು ಎಲ್ಲರ ಬಳಕೆಗೆ ಉಚಿತವಾಗಿ ಬಿಟ್ಟುಕೊಟ್ಟಿತು. ಇಂದು ನಿಮ್ಮ ಫೋನಿನಲ್ಲಿರುವ ಕ್ರೋಮ್, ಫೈರ್‌ಫಾಕ್ಸ್ ಇವೆಲ್ಲ ಬ್ರೌಸರ್‌ಗಳು. ಗೂಗಲ್ ಹುಡುಕಾಟವೇ ಬ್ರೌಸರ್ ಅಲ್ಲ. ಅದು ಬ್ರೌಸರಿನೊಳಗೆ ತೆರೆಯುವ ಒಂದು ತಾಣ.

ಬ್ರೌಸರ್ ತೆರೆದರೆ ಒಂದು ಉದ್ದನೆಯ ಪಟ್ಟಿ ಕಾಣುತ್ತದೆ. ಅದೇ ವಿಳಾಸದ ಪಟ್ಟಿ. ಅಲ್ಲಿ ಕನ್ನಡದಲ್ಲೇ ಬರೆಯಬಹುದು. ಬರೆಯಲು ಕಷ್ಟವಾದರೆ ಮೈಕಿನ ಗುರುತನ್ನು ಒತ್ತಿ ಮಾತಾಡಿ. ‘ಕೌಟುಂಬಿಕ ಹಿಂಸೆ ಕಾಯ್ದೆ, ಮನೆಯಲ್ಲಿ ವಾಸಿಸುವ ಹಕ್ಕು’ ಎನ್ನಿ. 2005ರ ಕಾಯ್ದೆಯ ಬಗ್ಗೆ ಸಾಲುಸಾಲಾಗಿ ಉತ್ತರಗಳು ಬರುತ್ತವೆ. ಮೇಲೆ ಬಂದದ್ದೆಲ್ಲ ಸರಿಯೆಂದು ತಿಳಿಯಬೇಡಿ. ‘ಪ್ರಾಯೋಜಿತ’ ಎಂದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು.

ತೆರೆದ ತಾಣ ಯಾರದ್ದು ಎಂದು ಹೇಗೆ ತಿಳಿಯುವುದು? ವಿಳಾಸ ಓದಿ. ಆರಂಭದಲ್ಲಿ ಜೋಡಿ ಓರೆಗೆರೆ ಇದ್ದರೆ ಅದನ್ನು ದಾಟಿ, ಮುಂದಿನ ಒಂಟಿ ಓರೆಗೆರೆಯ ತನಕ ಓದಿ. ಆ ಭಾಗದ ಕೊನೆ ಮುಖ್ಯ. ಕಾಗದದ ವಿಳಾಸದಲ್ಲಿ ಊರು ಕೊನೆಗೆ ಬರುತ್ತದಲ್ಲ, ಹಾಗೆ. ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಇನ್’ ಇದ್ದರೆ ಸರ್ಕಾರದ್ದು. ‘ಗವ್’ ನಡುವೆ ಎಲ್ಲೋ ಇದ್ದು, ಕೊನೆಯಲ್ಲಿ ‘ಡಾಟ್ ಕಾಮ್’ ಇದ್ದರೆ ಸರ್ಕಾರದ್ದಲ್ಲ. ಸಾಲ, ಸಬ್ಸಿಡಿ ಎಂದು ಆಧಾರ್ ಸಂಖ್ಯೆ, ಓಟಿಪಿ ಕೇಳಿದರೆ ಕೊಡಬೇಡಿ. ಬೀಗದ ಚಿತ್ರ ಕಂಡಿತೆಂದು ನಂಬಬೇಡಿ. ನಡುದಾರಿಯಲ್ಲಿ ನಿಮ್ಮ ಮಾಹಿತಿಯನ್ನು ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕುಳಿತವನು ಮೋಸಗಾರನಲ್ಲ ಎಂದು ಅದು ಹೇಳುವುದಿಲ್ಲ.

ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು. ಬ್ರೌಸರಿನಲ್ಲೂ ‘ಇತಿಹಾಸ’ ಎಂಬುದಿದೆ. ನಮ್ಮ ಗುಂಪಿನ ನಡಾವಳಿ ಪುಸ್ತಕದಂತೆ, ನೀವು ಯಾವ ಪುಟ ತೆರೆದಿರಿ, ಎಷ್ಟು ಹೊತ್ತಿಗೆ ತೆರೆದಿರಿ ಎಂದು ಅದು ಬರೆದಿಡುತ್ತದೆ. ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ಮನೆಗೆಲ್ಲ ಒಂದೇ ಫೋನ್ ಇರುವಲ್ಲಿ ಈ ಪುಸ್ತಕವನ್ನು ಗಂಡನೂ ಓದಬಹುದು, ಅತ್ತೆಯೂ ಓದಬಹುದು. ಹೊಡೆತ ತಿನ್ನುತ್ತಿರುವ ಹೆಣ್ಣು ಸಹಾಯ ಹುಡುಕಿದ್ದು ತಿಳಿದರೆ ಹೊಡೆತ ಹೆಚ್ಚಾಗಬಹುದು. ಆದ್ದರಿಂದ ಇದನ್ನು ಗಮನವಿಟ್ಟು ಕೇಳಿ.

ಅದೇ ಮೂರು ಚುಕ್ಕಿಯಲ್ಲಿ ‘ಇನ್‌ಕಾಗ್ನಿಟೊ’ ಎಂಬ ಕಿಟಕಿ ಇದೆ. ಅದರಲ್ಲಿ ನೋಡಿದ್ದನ್ನು, ಕಿಟಕಿ ಮುಚ್ಚಿದ ಮೇಲೆ ಬ್ರೌಸರ್ ಇತಿಹಾಸದಲ್ಲಿ ಉಳಿಸುವುದಿಲ್ಲ. ಆದರೆ ಇಳಿಸಿಕೊಂಡ ಕಡತ ಫೋನಿನಲ್ಲೇ ಉಳಿಯುತ್ತದೆ. ಮಾಮೂಲಿ ಕಿಟಕಿಯಲ್ಲಿ ನೋಡಿದ್ದರೆ ಆ ಒಂದು ಪುಟವನ್ನು ಮಾತ್ರ ಅಳಿಸಿ. ಇತಿಹಾಸವೆಲ್ಲ ಖಾಲಿಯಾಗಿದ್ದರೆ ಅದೇ ಅನುಮಾನಕ್ಕೆ ದಾರಿ. ಫೋನಿನಲ್ಲಿ ಗಂಡನ ಖಾತೆ ಇದ್ದರೆ ಇತಿಹಾಸ ಅವನ ಬೇರೆ ಫೋನಿನಲ್ಲೂ ಕಾಣಿಸಬಹುದು. ಕಣ್ಗಾವಲಿನ ಆಪ್ ಹಾಕಿದ್ದರಂತೂ ಇನ್‌ಕಾಗ್ನಿಟೊ ಕೂಡ ಕಾಪಾಡದು.

ಅಂಥ ಸಂಶಯವಿದ್ದರೆ ಆ ಫೋನಿನಲ್ಲಿ ಹುಡುಕಲೇಬೇಡಿ. ನಂಬಿಕೆಯ ಗೆಳತಿಯ ಫೋನ್ ಇದೆ, ಕಂಪ್ಯೂಟರ್ ಇರುವ ಪಂಚಾಯಿತಿ ಗ್ರಂಥಾಲಯವಿದೆ. ಅಲ್ಲಿ ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದರೆ ಬೇಡವೆನ್ನಿ. ಎದ್ದು ಬರುವ ಮುನ್ನ ಖಾತೆಯಿಂದ ಹೊರಬನ್ನಿ.

ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಫೋನಿನಲ್ಲಿ ಹಣದ ಮೋಸವಾದರೆ 1930. ಕರೆ ಮಾಡಿದ ಸಂಖ್ಯೆ ಫೋನಿನ ಕರೆಪಟ್ಟಿಯಲ್ಲಿ ಉಳಿಯುತ್ತದೆ. ಬ್ರೌಸರಿನ ಇತಿಹಾಸ ಅಳಿಸಿದರೆ ಅದು ಅಳಿಯುವುದಿಲ್ಲ. ಅದನ್ನು ಬೇರೆಯಾಗಿಯೇ ಅಳಿಸಬೇಕು.

ಓದು ಬಾರದವರಿಗೆ ಇದೆಲ್ಲ ಹೇಗೆ ಎಂದು ಕೇಳುತ್ತೀರಿ. ಉಳಿತಾಯದ ಲೆಕ್ಕವನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಟ್ಟೇ ಕಲಿತೆವು. ಇದನ್ನೂ ಹಾಗೆಯೇ ಕಲಿಯೋಣ. ವಾರದ ಸಭೆಯಲ್ಲಿ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇದಕ್ಕಿಡಿ. ಮೊದಲ ವಾರ ವಿಳಾಸ ಓದುವುದು, ಎರಡನೇ ವಾರ ಇತಿಹಾಸ ನೋಡುವುದು, ಮೂರನೇ ವಾರ ಇನ್‌ಕಾಗ್ನಿಟೊ. ಬಲ್ಲವರು ತೋರಿಸಲಿ, ಆದರೆ ಫೋನ್ ಕಲಿಯುವವಳ ಕೈಯಲ್ಲೇ ಇರಲಿ.