ನೀರಿನ ಲೆಕ್ಕ ಕಲಿಯಲಿ ನಮ್ಮ ಹುಡುಗರು

 

ನೀರಾವರಿ ಇಲಾಖೆಯಲ್ಲಿ ದುಡಿದವನು ನಾನು. ಮಲಪ್ರಭೆಯ ಅಚ್ಚುಕಟ್ಟಿಗೆ ಕಾಲುವೆ ಬಂತು, ಲೆಕ್ಕ ಬರಲಿಲ್ಲ. ಎರೆಭೂಮಿಗೆ ನೀರು ಹೆಚ್ಚಾದಲ್ಲಿ ಅಡಿಯ ಉಪ್ಪು ಮೇಲೇರಿ ಹೊಲ ಸವುಳಾಯಿತು. ಎಕರೆಯಲ್ಲಿ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರ್. ನಾಲ್ಕು ಬೆರಳು ನಿಂತರೆ 3 ಲಕ್ಷ! ಹತ್ತನೇ ತರಗತಿಯವನಿಗೆ ಬರುವ ಗಣಿತ ಇದು.

ನಮ್ಮ ಹುಡುಗರು ಧಾರವಾಡದ ಬಾಡಿಗೆ ಕೋಣೆಗಳಲ್ಲಿ ನೌಕರಿ ಪರೀಕ್ಷೆಗೆ ಓದುತ್ತಾರೆ. ಅಲ್ಲೇ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಕೃಷಿಮೇಳದಲ್ಲಿ ಮಿರ್ಚಿ ತಿಂದು ಬಂದದ್ದು ಬಿಟ್ಟರೆ ಎಷ್ಟು ಮಂದಿ ಒಳಗೆ ಹೋಗಿದ್ದಾರೆ? ಅವರನ್ನಷ್ಟೇ ದೂರುವುದೇಕೆ! ವೇದಿಕೆಯಲ್ಲಿ ಕಾಯಕ ಎನ್ನುವ ನಾವೇ ಒಕ್ಕಲುತನದ ವರನಿಗೆ ಹೆಣ್ಣು ಕೊಡುವುದಿಲ್ಲ.

ಮಠದ ಜಮೀನಿನಲ್ಲೇ ಪ್ರಸಾದನಿಲಯದ ಮಕ್ಕಳಿಗೆ ಮಣ್ಣುಪರೀಕ್ಷೆ, ಬಸಿಗಾಲುವೆಯ ಇಳಿಜಾರು ಕಲಿಸೋಣ. ಭಾನುವಾರಗಳಂದು ನಾನು ಬರುತ್ತೇನೆ. ಅಳತೆಪಟ್ಟಿ ನನ್ನದೇ ಇದೆ.