ಮೈ ಕಟ್ಟೆಯ ಮೇಲೆ, ಮನಸ್ಸು ಎಲ್ಲೋ

ದೀಪಾವಳಿ ಬಂತೆಂದರೆ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು. ಸುತ್ತ ಕೇಕೆ, ಸಿಳ್ಳೆ, ಪಟಾಕಿ. ಬ್ಯಾಡಗಿ ಕಡೆಯ ಒಂದು ಹಳ್ಳಿ ಎಂದುಕೊಳ್ಳಿ. ಕಟ್ಟೆಯ ಮೇಲೆ ಮಿಲಿಟ್ರಿ ಕಾಕಾ ಕೂತಿದ್ದಾರೆ. ಪಟಾಕಿ ಸರ ಸಿಡಿದರೂ ಅವರು ಬೆಚ್ಚುವುದಿಲ್ಲ. ಚಹಾದ ಕಪ್ಪು ವಾಲಿ ಧೋತರ ತೋಯುತ್ತಿದೆ, ಅದೂ ಗೊತ್ತಿಲ್ಲ. ಕರೆದರೆ ಓಗೊಡುವುದಿಲ್ಲ. ಹತ್ತು ನಿಮಿಷದ ಮೇಲೆ ಕೇಳುತ್ತಾರೆ: "ಹೋರಿ ಯಾವಾಗ ಹೋತು?"

ಓಣಿಯವರು "ಗಾಳಿ ಸೋಕೈತಿ" ಎಂದಾರು; "ಮಿಲಿಟ್ರಿ ಗತ್ತು" ಎಂದೂ ಅಂದಾರು. ವೈದ್ಯರು ಇದನ್ನು ಡಿಸೋಸಿಯೇಷನ್ ಎನ್ನುತ್ತಾರೆ. ಓಡಲೂ ಆಗದ, ಹೊಡೆದಾಡಲೂ ಆಗದ ಭಯದಲ್ಲಿ ಮನಸ್ಸು ಮೈಯನ್ನು ಅಲ್ಲೇ ಬಿಟ್ಟು ಸರಿದು ನಿಲ್ಲುತ್ತದೆ. ಫ್ರಾನ್ಸಿನ ಪಿಯೆರ್ ಜಾನೆ 1889ರಲ್ಲೇ ಇದರ ಬಗ್ಗೆ ಬರೆದಿದ್ದ. 1987ರ ಶ್ರೀಲಂಕಾದ ಜಾಫ್ನಾ ಕಾಳಗದಲ್ಲೋ 1999ರ ಕಾರ್ಗಿಲ್‌ನಲ್ಲೋ ಆಸರೆಯಾಗಿದ್ದ ಆ ಉಪಾಯ ಊರಿಗೆ ಬಂದ ಮೇಲೂ ಬಿಡದಿದ್ದರೆ ಕಷ್ಟ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ದೊಪ್ಪನೆ ಬಿದ್ದರೂ ಸಾಕು, ಮನಸ್ಸು ಮತ್ತೆ ಸರಿದು ನಿಲ್ಲುತ್ತದೆ.

ಒಂದೇ ಯುದ್ಧ ಎಲ್ಲರನ್ನೂ ಒಂದೇ ಸಮ ಕಾಡುವುದಿಲ್ಲ. ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರ ದೊಡ್ಡ ಸಮೀಕ್ಷೆಯೊಂದು 1980ರ ದಶಕದಲ್ಲಿ ನಡೆಯಿತು. ಯುದ್ಧದ ಆಘಾತದಿಂದ ಬರುವ ಕಾಯಿಲೆ (ಪಿಟಿಎಸ್‌ಡಿ) ಬಿಳಿಯರು ಮತ್ತಿತರರಲ್ಲಿ ಶೇ. 14ರಷ್ಟು, ಆಫ್ರಿಕನ್ ಮೂಲದವರಲ್ಲಿ 21, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ) ಸೈನಿಕರಲ್ಲಿ 28ರಷ್ಟಿತ್ತು. ರಕ್ತದ ಗುಣ ಎನ್ನಲು ಹೊರಡಬೇಡಿ. ಆಫ್ರಿಕನ್ ಮೂಲದವರ ಲೆಕ್ಕ ಏರಲು ಮುಖ್ಯ ಕಾರಣ, ಅವರು ಹೆಚ್ಚು ಕಾಳಗ ಕಂಡಿದ್ದರು. ಹಿಸ್ಪಾನಿಕ್ ಸೈನಿಕರ ಲೆಕ್ಕ ಅಷ್ಟಕ್ಕೇ ಬಗೆಹರಿಯಲಿಲ್ಲ.

ನೋವನ್ನು ಹೇಳಿಕೊಳ್ಳುವ ಮಾತೂ ಊರಿಂದೂರಿಗೆ ಬೇರೆ. ನಮ್ಮ ಕಡೆಯ ಸೈನಿಕರು ಪಲ್ಟನ್ನಿನಲ್ಲಿ ಹಿಂದಿಯಲ್ಲೇ ಬದುಕಿ, ಹಿಂದಿಯಲ್ಲೇ ಹೆದರಿ ಬಂದವರು. ಮನೆಯಲ್ಲಿ ಅದನ್ನು ಯಾವ ಕನ್ನಡದಲ್ಲಿ ಹೇಳಬೇಕು? ರಾಣೇಬೆನ್ನೂರಿನ ದವಾಖಾನೆಗೆ ಹೋದರೆ "ಎದಿ ಉರೀತೈತ್ರೀ, ಕೈ ಜುಂ ಅಂತೈತಿ" ಎನ್ನುತ್ತಾರೆ. ಗುಳಿಗೆ ಸಿಗುತ್ತದೆ, ಯುದ್ಧದ ಸುದ್ದಿಯೇ ಬರುವುದಿಲ್ಲ. "ಎಲ್ಲಿ ಡ್ಯೂಟಿ ಮಾಡಿದ್ರಿ?" ಎಂದು ಒಮ್ಮೆ ಕೇಳಿದರೂ ಮಾತಿಗೆ ದಾರಿಯಾದೀತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಟ್ಟೆಯ ಹತ್ತಿರ ಇದ್ದವರು ಹಿಂದಿನಿಂದ ಹೋಗಿ ಭುಜ ಹಿಡಿದು ಅಲುಗಿಸಬೇಡಿ. ಎದುರಿಗೆ ಬನ್ನಿ, ದನಿ ಇಳಿಸಿ: "ಕಾಕಾ, ನಾ ಅದೀನ್ರಿ. ಇದು ನಮ್ಮೂರ ಕಟ್ಟಿ. ಸಿಡದದ್ದು ಪಟಾಕಿ. ಧೋತರದ ಮ್ಯಾಲ ಚಾ ಚೆಲ್ಲೈತಿ, ನೋಡ್ರಿ."